ಮಳೆನಾಡಿನಲ್ಲಿ ಸೌದೆಯ ರಕ್ಷಣೆ



ಜೂನ್ ಆರಂಭದಲ್ಲಿ ನೈಋತ್ಯ ಮಾರುತ, ಅಕ್ಟೋಬರಿನಲ್ಲಿ ಈಶಾನ್ಯ ಮಾರುತ, ಹೀಗೆ ಕೇರಳಕ್ಕೆ ಎರಡು ಮಳೆಗಾಲಗಳು. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆಯಾಗುತ್ತದೆ. ತಿರುವನಂತಪುರದಲ್ಲಿ ಅದಕ್ಕಿಂತ ಕಡಿಮೆ. ಆದುದರಿಂದಲೇ ಅಲ್ಲಿನ ಹಳೆಯ ಮನೆಗಳಲ್ಲಿ ‘ವಿರಕುಪುರ’ ಎಂಬ ಪ್ರತ್ಯೇಕ ಸೌದೆ ಕೊಟ್ಟಿಗೆಯಿರುತ್ತಿತ್ತು.

ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಉರಿಯ ಶಾಖವು ಆ ನೀರನ್ನು ಆವಿ ಮಾಡುವುದರಲ್ಲೇ ವ್ಯಯವಾಗಿ, ಹೊಗೆ ಹೆಚ್ಚುತ್ತದೆ. ಒಲೆಯ ಮುಂದಿರುವ ತಾಯಂದಿರ ಹಾಗೂ ಮಕ್ಕಳ ಕಣ್ಣು, ಶ್ವಾಸಕೋಶಗಳಿಗೆ ಇದರಿಂದ ಹಾನಿ. 1980ರ ದಶಕದಲ್ಲಿ ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತು ಪ್ರಚಾರಕ್ಕೆ ತಂದ ಸುಧಾರಿತ ಒಲೆಗೂ ಒಣಸೌದೆಯೇ ಬೇಕು.

ಕೊಟ್ಟಿಗೆಯ ನೆಲದಲ್ಲಿ ಮುರಕಲ್ಲುಗಳನ್ನಿರಿಸಿ, ಅವುಗಳ ಮೇಲೆ ಅಡ್ಡತೊಲೆ ಹಾಕಿ ಸೌದೆ ಒಟ್ಟಬೇಕು. ತೇವವೂ ಗೆದ್ದಲೂ ದೂರವಾಗುತ್ತವೆ. ಮಳೆ ಬಡಿಯುವ ಪಶ್ಚಿಮ ದಿಕ್ಕನ್ನು ಮುಚ್ಚಿ, ಉಳಿದ ಕಡೆ ಗಾಳಿಗೆ ತೆರವಿಡಿ. ಮಾಡಿನ ಇಳಿಜಾರು ಗೋಡೆಯಿಂದಾಚೆ ಚಾಚಿರಲಿ. ದಿಮ್ಮಿಗಳನ್ನು ಬೇಸಿಗೆಯಲ್ಲೇ ಸೀಳಿ, ಬಿಸಿಲಿನಲ್ಲಿ ಒಣಗಿಸಿರಿ. ತೆಂಗಿನ ಮಡಲು, ಸಿಪ್ಪೆ, ಗೆರಟೆಗಳನ್ನು ಬೇರೆಯಾಗಿಡಿ. ಹಳೆಯ ಒಟ್ಟಿಲನ್ನು ಮೊದಲು ಬಳಸಿರಿ. ಸಂದುಗಳಲ್ಲಿ ಹಾವಿರಬಹುದು, ಕೋಲಿನಿಂದ ತಟ್ಟದೆ ಕೈಹಾಕದಿರಿ.

ಬೇಸಿಗೆಯ ಈ ಅಲ್ಪಶ್ರಮವು ಮಳೆಗಾಲದುದ್ದಕ್ಕೂ ಸೌದೆಯನ್ನೂ ಗೃಹಿಣಿಯ ಆರೋಗ್ಯವನ್ನೂ ಕಾಯುತ್ತದೆ.