ತಿರುಚಿದ್ದೋ, ಓರೆಯಾದದ್ದೋ?

(ಕಾಲೇಜೊಂದರ ಕನ್ನಡ ಸಂಘದಲ್ಲಿ ನಮ್ಮ ವರದಿಗಾರರು ಮಾಡಿದ ಉಪನ್ಯಾಸದ ಬರಹರೂಪ)



ಪತ್ರಿಕೆಯವರು ಬರುತ್ತಾರೆಂದರೆ ಚುನಾವಣೆಯ ಒಳಸುದ್ದಿ ಏನಾದರೂ ಸಿಕ್ಕೀತೆಂದು ಬಂದವರಿಗೆ ನಿರಾಸೆಯಾದೀತು. ಇವತ್ತು ನಾನು ಮಾತನಾಡುವುದು ಒಂದು ಪದದ ಬಗ್ಗೆ, ಅದರ ನೆಂಟರಿಷ್ಟರ ಬಗ್ಗೆ. ಪದ ‘ತಿರುಚು’. ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಎಂಬ ವಾಕ್ಯವನ್ನು ನೀವು ಎಷ್ಟು ಬಾರಿ ಓದಿದ್ದೀರೋ, ನಾನು ಅದಕ್ಕಿಂತ ಹೆಚ್ಚು ಬಾರಿ ಬರೆದಿದ್ದೇನೆ. ಒಂದು ದಿನ ಅದು ನನ್ನ ಮೇಲೆಯೇ ಬಂತು.

ಕೆಲಸಕ್ಕೆ ಸೇರಿದ ಹೊಸದು. ಬೇಸಿಗೆ. ಒಂದು ಹಳ್ಳಿಯಲ್ಲಿ ಕುಡಿಯುವ ನೀರಿನ ಸಭೆ. ಅಧಿಕಾರಿಯೊಬ್ಬರು ಎದ್ದು ನಿಂತು, ‘ಈ ವಾರ ಟ್ಯಾಂಕರ್ ಕಳಿಸಲು ಆಗುವುದಿಲ್ಲ, ಸೋಮವಾರದಿಂದ ದಿನಕ್ಕೆರಡು ಕಳಿಸುತ್ತೇವೆ’ ಎಂದರು. ನಾನು ಮೊದಲ ಅರ್ಧವನ್ನು ಮೊದಲ ಪ್ಯಾರಾದಲ್ಲಿ ಹಾಕಿದೆ, ಉಳಿದರ್ಧವನ್ನು ಕೊನೆಯಲ್ಲಿ. ರಾತ್ರಿ ಜಾಹೀರಾತು ಬಂದು ಜಾಗ ಕಡಿಮೆಯಾಯಿತು, ಕೊನೆಯ ಪ್ಯಾರಾ ಹೋಯಿತು. ಬೆಳಿಗ್ಗೆ ಶೀರ್ಷಿಕೆ: ‘ಟ್ಯಾಂಕರ್ ಕಳಿಸಲು ಆಗದು: ಅಧಿಕಾರಿ’.

ಹತ್ತು ಗಂಟೆಗೆ ಅವರ ಫೋನ್. ‘ಏನ್ರೀ, ನಾನು ಹೇಳಿದ್ದನ್ನ ತಿರುಚಿ ಬರೆದಿದ್ದೀರಲ್ರೀ?’

‘ಸರ್, ನೀವು ಆಡಿದ ಮಾತೇ ಬರೆದಿದ್ದೇನೆ. ನೋಟ್‌ಬುಕ್ ಇದೆ.’

‘ಆಡಿದ್ದು ಹೌದು. ಪೂರ್ತಿ ಆಡಿದ್ದು ಎಲ್ಲಿ?’

ನಾನು ಬಿಡಲಿಲ್ಲ, ವಾದಿಸಿದೆ. ಅಷ್ಟರಲ್ಲಿ ಆ ಊರಿನ ಕೆಲವು ಮನೆಯವರು ಪತ್ರಿಕೆ ನೋಡಿ, ಸರ್ಕಾರದ ನೀರು ಇನ್ನು ಬರುವುದಿಲ್ಲವೆಂದು ಖಾಸಗಿ ಟ್ಯಾಂಕರಿನವನಿಗೆ ತಿಂಗಳ ಮುಂಗಡ ಕೊಟ್ಟಿದ್ದರು. ಸೋಮವಾರ ಸರ್ಕಾರದ ಟ್ಯಾಂಕರ್ ಬಂತು. ಕೊಟ್ಟ ಮುಂಗಡ ವಾಪಸು ಬರಲಿಲ್ಲ. ಇದನ್ನು ನನಗೆ ಹೇಳಿದವರು ಅದೇ ಊರಿನ ಒಬ್ಬ ಅಜ್ಜಿ, ಬೈಯದೆ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ನಮ್ಮ ಡೆಸ್ಕಿನ ಹಿರಿಯರೊಬ್ಬರ ಬಳಿ ಹೋಗಿ, ‘ಸರ್, ನಾನು ಏನೂ ತಿರುಚಿಲ್ಲ’ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ‘ತಿರುಚಿಲ್ಲ ಕಣಯ್ಯ, ಮೊಟಕು ಮಾಡಿದ್ದೀಯ. ಅದಕ್ಕೆ ಬೇರೆ ಪದ ಇದೆ’ ಎಂದರು. ನಾನು ನಿಘಂಟು ತೆಗೆದದ್ದು ಅವತ್ತು.

‘ತಿರುಚು’ ಎಂಬುದು ತಿರುಗು, ತಿರುವು, ತಿರುಪು ಇವುಗಳ ಬಳಗ. ಆದರೆ ಚಕ್ರ ತಾನಾಗಿ ತಿರುಗಬಹುದು. ತಿರುಚಬೇಕಾದರೆ ಕೈ ಬೇಕು, ಬಲ ಬೇಕು. ತೋಳು ತಿರುಚುತ್ತೇವೆ, ತಂತಿ ತಿರುಚುತ್ತೇವೆ. ಹೀಗಾಗಿ ಮಾತು ತಿರುಚಿದ್ದಾರೆ ಎಂದರೆ ಬೇಕೆಂದೇ ಮಾಡಿದ್ದಾರೆ ಎಂಬ ಆರೋಪ ಅದರಲ್ಲೇ ಇದೆ. ವಿಚಿತ್ರವೆಂದರೆ ಕೈಯನ್ನು ಬೇಡುವ ಈ ಕ್ರಿಯಾಪದವನ್ನು ನಾವು ಬಳಸುವುದು ‘ತಿರುಚಲಾಗಿದೆ’ ಎಂದು. ಯಾರು ತಿರುಚಿದರು? ವಾಕ್ಯದಲ್ಲಿ ಅವರು ಇಲ್ಲ. ದೂರು ಕೊಡುವವರಿಗೂ ಅನುಕೂಲ, ದೂರಿಗೆ ಗುರಿಯಾದವರಿಗೂ ಅನುಕೂಲ.

‘ಡೊಂಕು’ ಅಂಥದ್ದಲ್ಲ. ಅದು ವಸ್ತುವಿನ ಆಕಾರ. ನಾಯಿಯ ಬಾಲ ಡೊಂಕು, ಯಾರೂ ಮಾಡಿದ್ದಲ್ಲ. ‘ಸೊಟ್ಟ’ ಅದರ ಅಡುಗೆಮನೆಯ ತಂಗಿ. ಚಪಾತಿ ಸೊಟ್ಟಗಾಗುತ್ತದೆ, ಸಿಟ್ಟು ಬಂದರೆ ಮುಖ ಸೊಟ್ಟಗಾಗುತ್ತದೆ. ‘ಕೊಂಕು’ ಒಂದು ಕಾಲಕ್ಕೆ ಬಾಗಿದ್ದಕ್ಕೆಲ್ಲ ಸಲ್ಲುತ್ತಿತ್ತು, ಈಗ ಹೆಚ್ಚಾಗಿ ಮಾತಿಗೇ ಅಂಟಿಕೊಂಡಿದೆ. ಕೊಂಕು ನುಡಿಯಲ್ಲಿ ಸುಳ್ಳೇ ಇರಬೇಕಾಗಿಲ್ಲ, ಚುಚ್ಚಿದರೆ ಸಾಕು.

ಸಂಸ್ಕೃತದಿಂದ ಬಂದವುಗಳಿಗೆ ನಾವು ಸ್ವಲ್ಪ ಅನ್ಯಾಯ ಮಾಡಿದ್ದೇವೆ. ‘ವಿಕೃತಿ’ ಎಂದರೆ ಇವತ್ತು ನಮಗೆ ಅಪರಾಧ ಪುಟದ ಸುದ್ದಿ. ಮೂಲದಲ್ಲಿ ಅದು ಬದಲಾದ ರೂಪ, ಅಷ್ಟೆ. ಕರ್ನಾಟಕ ಸಂಗೀತದಲ್ಲಿ ಷಡ್ಜ, ಪಂಚಮಗಳು ಪ್ರಕೃತಿ ಸ್ವರಗಳು, ಉಳಿದ ಐದು ವಿಕೃತಿ ಸ್ವರಗಳು. ಅರವತ್ತು ಸಂವತ್ಸರಗಳಲ್ಲಿ ವಿಕೃತಿಯೂ ಒಂದು. 2010ರ ಯುಗಾದಿಗೆ ನಾವು ಬೇವುಬೆಲ್ಲ ತಿಂದು ಸ್ವಾಗತಿಸಿದ್ದು ಅದನ್ನೇ. ‘ವಕ್ರ’ವಂತೂ ಗಣಪತಿಯ ಹೆಸರಿನಲ್ಲೇ ಇದೆ. ಕಾಶ್ಮೀರದ ಕುಂತಕ ಸುಮಾರು ಸಾವಿರ ವರ್ಷಗಳ ಹಿಂದೆ ‘ವಕ್ರೋಕ್ತಿ ಜೀವಿತ’ ಬರೆದು, ವಕ್ರವಾದ ಮಾತೇ ಕಾವ್ಯದ ಜೀವ ಎಂದು ವಾದಿಸಿದ. ಕವಿಗೆ ಅದು ಗುಣ. ವರದಿಗಾರನಿಗೆ ಆ ರಿಯಾಯಿತಿ ಇಲ್ಲ.

ಪಂಚಾಂಗದ ‘ವಕ್ರಗತಿ’ಯನ್ನು ನೋಡಿ. ಮಂಗಳ ವಕ್ರನಾದ ಎನ್ನುತ್ತೇವೆ. ಅವನು ಹಿಂದಕ್ಕೆ ನಡೆಯುವುದೇ ಇಲ್ಲ. ಒಳಸುತ್ತಿನಲ್ಲಿ ಬೇಗ ಓಡುವ ಭೂಮಿ ಅವನನ್ನು ಹಿಂದೆ ಹಾಕುವಾಗ, ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿಯಲ್ಲಿ ಕುಳಿತವರಿಗೆ ಪಕ್ಕದ ಲಾರಿ ಹಿಂದೆ ಸರಿದಂತೆ ಕಾಣುವ ಹಾಗೆ, ಅವನು ನಮಗೆ ಹಿಂದೆ ಸರಿದಂತೆ ಕಾಣುತ್ತಾನೆ. ವಕ್ರ ಇರುವುದು ನೋಡುವ ಜಾಗದಲ್ಲಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯೂ ಹತ್ತಿರದ ಮಾತು, ಆದರೆ ಅದು ನೆಪ. ಇದು ನೆಪವಲ್ಲ, ಕಣ್ಣಿಗೆ ನಿಜವಾಗಿಯೂ ಹಾಗೇ ಕಾಣುತ್ತದೆ.

ಇದಕ್ಕೆ ಕನ್ನಡದ ಪದ ‘ಓರೆ’. ಓರೆಗಣ್ಣು, ಓರೆನೋಟ; ಬಾಗಿಲು ಓರೆ ಮಾಡು ಎನ್ನುತ್ತೇವೆ, ಪೂರ್ತಿ ಮುಚ್ಚದೆ, ಪೂರ್ತಿ ತೆರೆಯದೆ. ಪತ್ರಿಕೆಗಳಲ್ಲಿ ತಿರುಚುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಓರೆಯೇ ಹೆಚ್ಚು, ಅದು ಅಡಗುವುದು ಸಣ್ಣ ಕ್ರಿಯಾಪದಗಳಲ್ಲಿ. ಮಂತ್ರಿಯೊಬ್ಬರು ‘ಕಾಮಗಾರಿ ತಡವಾಗಿದೆ’ ಎಂದರೆ ಅದನ್ನು ‘ಹೇಳಿದರು’ ಎಂದು ಬರೆಯಬಹುದು. ‘ಒಪ್ಪಿಕೊಂಡರು’ ಎಂದರೆ ಅವರು ತಪ್ಪಿತಸ್ಥರಾದರು. ‘ಸಮಜಾಯಿಷಿ ನೀಡಿದರು’ ಎಂದರೆ ಓದುಗರು ನಂಬಬಾರದೆಂದು ನಾನೇ ಸೂಚಿಸಿದಂತೆ. ‘ಸ್ಪಷ್ಟಪಡಿಸಿದರು’ ಎಂದರೆ ನಾನು ಅವರ ಪಕ್ಷ. ಉದ್ಧರಣ ಚಿಹ್ನೆಯ ಒಳಗಿನ ಒಂದಕ್ಷರವೂ ಬದಲಾಗಿಲ್ಲ, ಗಮನಿಸಿ.

ಒಂದು ಮುದ್ರಣದ ಸಂಗತಿ. ಚಿನ್ನವನ್ನು ಉಜ್ಜಿ ನೋಡುವ ಕಲ್ಲು ‘ಒರೆಗಲ್ಲು’, ಒ ಹ್ರಸ್ವ. ಪರೀಕ್ಷಿಸುವುದಕ್ಕೆ ‘ಒರೆಗೆ ಹಚ್ಚು’ ಎನ್ನಬೇಕು. ನಮ್ಮಲ್ಲಿ ಎಷ್ಟೋ ಸಲ ‘ಓರೆಗೆ ಹಚ್ಚಿದರು’ ಎಂದು ಅಚ್ಚಾಗುತ್ತದೆ. ಒಂದು ದೀರ್ಘ ಹೆಚ್ಚಾದರೆ ಪರೀಕ್ಷೆ ಹೋಗಿ ಸೊಟ್ಟತನ ಬರುತ್ತದೆ. ನಾನೂ ಆ ತಪ್ಪು ಮಾಡಿದ್ದೇನೆ.

ಇಷ್ಟೆಲ್ಲ ಪದಗಳನ್ನು ಬಿಡಿಸಿಟ್ಟದ್ದು ಯಾಕೆಂದರೆ, ಎಲ್ಲಕ್ಕೂ ‘ತಿರುಚು’ ಎಂದುಬಿಟ್ಟರೆ ನನ್ನಂಥವರು ಸುಲಭವಾಗಿ ತಪ್ಪಿಸಿಕೊಳ್ಳುತ್ತೇವೆ. ತಿರುಚಿಲ್ಲ ಎಂದು ಸಾಬೀತುಮಾಡುವುದು ಕಷ್ಟವಲ್ಲ, ನೋಟ್‌ಬುಕ್ ತೋರಿಸಿದರಾಯಿತು. ಆ ಅಧಿಕಾರಿ ಅಂದು ‘ಮೊಟಕು ಮಾಡಿದ್ದೀರಿ’ ಎಂದಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ.

ಮರುದಿನ ತಿದ್ದುಪಡಿ ಪ್ರಕಟವಾಯಿತು. ಒಳಪುಟದಲ್ಲಿ, ಕೆಳಗೆ, ಮೂರು ಸಾಲು. ಬರೆದವನು ನಾನೇ. ಮೊನ್ನೆ ಈ ಭಾಷಣಕ್ಕೆಂದು ಹಳೆಯ ಕಡತ ತೆಗೆದು ನೋಡಿದೆ: ‘ಹೇಳಿಕೆಯು ಅಪೂರ್ಣವಾಗಿ ಪ್ರಕಟವಾಗಿತ್ತು’ ಎಂದಿದೆ. ಯಾರು ಅಪೂರ್ಣ ಮಾಡಿದರು ಎಂಬುದು ಅಲ್ಲಿಯೂ ಇಲ್ಲ.