ಬೀದಿಗಿಳಿದ ಚಿತ್ರಕಲೆ
(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಸಂತೆಯೆಂದೊಡನೆ ನಮ್ಮ ಕಣ್ಣೆದುರಿಗೆ ಬರುವದು ಜೋಳದ ರಾಶಿ, ಮೆಣಸಿನಕಾಯಿಯ ಚೀಲ, ಬದನೆಯ ಬುಟ್ಟಿ. ಅಲ್ಲಿ ಚಿತ್ರಪಟವನ್ನು ಯಾರೂ ನೆನೆಯರು. ಆದರೆ ಬೆಂಗಳೂರು ನಗರದ ನಟ್ಟನಡುವೆ ವರುಷಕ್ಕೊಂದು ಆದಿತ್ಯವಾರ ಚಿತ್ರಗಳದೇ ಒಂದು ಸಂತೆಯು ನೆರೆಯುತ್ತಿರುವದು ತಮ್ಮಲ್ಲಿ ಹಲವರಿಗೆ ತಿಳಿದ ಸಂಗತಿಯೇ. ಅದಕ್ಕೆ ಚಿತ್ರಸಂತೆಯೆಂದು ಹೆಸರು. ಇಂದು ಅದರ ವಿಷಯವಾಗಿಯೇ ನಾವು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ಎಂ. ಎಸ್. ನಂಜುಂಡರಾಯರು ಮುಂತಾದ ಕಲಾಭಿಮಾನಿಗಳ ಶ್ರಮದಿಂದ 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಈ ಸಂತೆಯನ್ನು ನಡೆಸುತ್ತದೆ. ಆ ದಿವಸ ಪರಿಷತ್ತಿನ ಮುಂದಿನ ಕುಮಾರ ಕೃಪಾ ರಸ್ತೆಯಲ್ಲಿ ವಾಹನಗಳ ಓಡಾಟವನ್ನು ನಿಲ್ಲಿಸುತ್ತಾರೆ. ಎಂದೂ ಬಂಡಿಗಳ ಗದ್ದಲದಿಂದ ಕಿವಿ ಕಿವುಡಾಗುವ ಆ ಹಾದಿಯ ಎರಡೂ ಮಗ್ಗುಲಿಗೆ ಸುಮಾರು 1,500 ಕಲಾವಿದರು ತಮ್ಮ ಪಟಗಳನ್ನು ಒರಗಿಸಿ, ತೂಗಿಸಿ, ನೆಲಕ್ಕೆ ಹರವಿ ಕೂಡ್ರುತ್ತಾರೆ. ಮೈಸೂರಿನ ಚಿನ್ನದ ಕೆಲಸದ ಪಟದ ಪಕ್ಕಕ್ಕೆ ಮಿಥಿಲೆಯ ಮಧುಬನಿ. ಹಂಪೆಯ ಕಲ್ಲಿನ ರಥವನ್ನು ಜಲವರ್ಣದಲ್ಲಿ ತೆಗೆದವರ ಎದುರಿಗೆ, ತಲೆಬುಡ ತಿಳಿಯದ ನವ್ಯ ಚಿತ್ರವನ್ನು ಹಿಡಿದ ತರುಣ. ಕಾಲು ಗಳಿಗೆಯಲ್ಲಿ ಎದುರಿಗೆ ಕುಳಿತವರ ಮುಖವನ್ನು ಬರೆದುಕೊಡುವವರೂ ಉಂಟು. ಪ್ರವೇಶಕ್ಕೆ ಹಣವಿಲ್ಲ. ನೂರು ರೂಪಾಯಿಯಿಂದ ಲಕ್ಷಗಳವರೆಗೆ ಬೆಲೆಯ ಪಟಗಳು ಒಂದೇ ಬೀದಿಯಲ್ಲಿ ದೊರೆಯುತ್ತವೆ. ಜನರಂತೂ ಲಕ್ಷಗಟ್ಟಲೆ.

ಚಿತ್ರವನ್ನು ಹೀಗೆ ಕಾಯಿಪಲ್ಯದಂತೆ ಬೀದಿಯಲ್ಲಿಟ್ಟು ಮಾರುವದು ಕಲಾದೇವಿಗೆ ಅಪಮಾನವೆಂದು ಕೆಲವು ಪಂಡಿತರು ಆಕ್ಷೇಪಿಸುವದನ್ನು ನಾವು ಕೇಳಿದ್ದೇವೆ. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಕನ್ನಡನಾಡಿನಲ್ಲಿ ಚಿತ್ರಕಾರನು ಯಾರ ಅನ್ನವನ್ನುಂಡು ಬದುಕಿದನೆಂಬುದನ್ನು ಅವರು ಸ್ವಲ್ಪ ವಿಚಾರಿಸಬೇಕು. ಬಾದಾಮಿಯ ಮೂರನೆಯ ಗುಹೆಯನ್ನು 578ರಲ್ಲಿ ಮಾಡಿಸಿದವನು ಅರಸುಮನೆತನದ ಮಂಗಳೇಶ. ಅಲ್ಲಿಯ ಗೋಡೆಯ ಮೇಲೆ ಬಣ್ಣವು ಇಂದಿಗೂ ಅಲ್ಪಸ್ವಲ್ಪ ಉಳಿದಿದೆ. ಹಂಪೆಯ ವಿರೂಪಾಕ್ಷನ ಮಂಟಪದ ಮಾಳಿಗೆಗೆ ದೇವಾಲಯದ ಆಶ್ರಯ. ಮೈಸೂರಿನ ಚಿತ್ರಗಾರರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯ. ನಮ್ಮ ಕೆ. ವೆಂಕಟಪ್ಪನವರು (1886–1965) ಕೂಡ ಮೈಸೂರ ಅರಮನೆಯ ಪೋಷಣೆಯನ್ನು ಕಂಡವರೇ. ಆ ಅರಸರು ಹೋದರು. ದೇವಾಲಯಗಳಲ್ಲಿ ಇಂದು ಮಾಳಿಗೆಗೆ ಸುಣ್ಣ ಬಳಿಯುವವರು ಸಿಕ್ಕಾರು, ಚಿತ್ರ ಬರೆಯಿಸುವವರು ಸಿಕ್ಕುವದು ಕಷ್ಟ. ಹಾಗಾದರೆ ಚಿತ್ರಕಾರನು ಯಾರ ಬಾಗಿಲಿಗೆ ಹೋಗಬೇಕು? ನಮ್ಮ ನಿಮ್ಮ ಬಾಗಿಲಿಗೇ. ನಾವು ಕರೆಯಲಿಲ್ಲವಾದದ್ದರಿಂದ ಅವನು ಬೀದಿಯಲ್ಲಿ ಬಂದು ನಿಂತಿದ್ದಾನೆ.

ಇನ್ನೊಂದು ಮಾತು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಅಚ್ಚಿನ ಕಾರಖಾನೆಯನ್ನು ತೆರೆದ ಮೇಲೆ ಲಕ್ಷ್ಮಿ ಸರಸ್ವತಿಯರು ಬಡವನ ಪಡಸಾಲೆಗೂ ಬಂದರು. ಅದು ದೊಡ್ಡ ಉಪಕಾರವೇ ಸರಿ. ಆದರೆ ಕೋಟಿ ಮನೆಗಳಿಗೆ ಒಂದೇ ಮುಖದ ಲಕ್ಷ್ಮಿಯು ಬಂದಳು. ಚಿತ್ರವೆಂದರೆ ಕಾಲಗತಿ ಪಂಚಾಂಗದ ಜೊತೆಗೆ ಪುಕ್ಕಟೆ ದೊರೆಯುವ ಕಾಗದವೆಂಬ ಭಾವನೆಯೂ ಅವಳೊಡನೆ ಬಂದಿತು. ಈ ಭಾವನೆಯೇ ಇಂದು ಸಂತೆಯಲ್ಲಿ ಕಲಾವಿದನಿಗೆ ಮುಳ್ಳಾಗಿದೆ. ಮೈಸೂರು ಪಟದ ಕೆಲಸವು ಎಂಥದೆಂಬುದನ್ನು ನೋಡಿರಿ. ಹಲಗೆಗೆ ಕಾಗದವನ್ನಂಟಿಸಿ, ರೇಖೆಯನ್ನು ಬರೆದು, ಒಡವೆ ಸೆರಗುಗಳ ಮೇಲೆ ಮಕ್ಕು ಎಂಬ ಲೇಪವನ್ನು ಕುಂಚದಿಂದ ಎಳೆಯೆಳೆಯಾಗಿ ಉಬ್ಬಿಸಿ, ಒಣಗಿದ ಮೇಲೆ ಅದಕ್ಕೆ ಚಿನ್ನದ ರೇಕನ್ನು ಹತ್ತಿಸಬೇಕು. ಕೊನೆಗೆ ಉಜ್ಜಿ ಹೊಳಪು ಕೊಡಬೇಕು. ಒಂದು ಪಟಕ್ಕೆ ವಾರಗಟ್ಟಲೆ ಹಿಡಿದರೂ ಆಶ್ಚರ್ಯವಿಲ್ಲ. ಇಂಥದರ ಮುಂದೆ ನಿಂತು "ಇನ್ನೂರಕ್ಕೆ ಕೊಡುವಿರಾ?" ಎಂದು ಚೌಕಾಸಿ ಮಾಡುವವರನ್ನು ನಾವು ನೋಡಿದ್ದೇವೆ. ಅವರಾದರೂ ಮೇಲು. ಜಂಗಮವಾಣಿಯನ್ನು ಎತ್ತಿ ಪಟದ ಪಟವನ್ನು ತೆಗೆದುಕೊಂಡು, ತಮ್ಮ ಮುಖವನ್ನೂ ಅದರೊಡನೆ ಸೇರಿಸಿಕೊಂಡು, ಬೆಲೆಯನ್ನು ಕೇಳದೆಯೇ ಮುಂದಿನ ತಿಂಡಿಯಂಗಡಿಗೆ ಸಾಗುವವರು ಅವರಿಗಿಂತ ಹೆಚ್ಚು. ದೂರದೂರಿನಿಂದ ಪಟಗಳನ್ನು ಹೊತ್ತು ತಂದವನು ಸಂಜೆಗೆ ಅವನ್ನೇ ಹೊತ್ತು ಮರಳುವಂತಾದರೆ, ಲಕ್ಷ ಜನರು ನೆರೆದರೆಂಬ ಹೆಮ್ಮೆಯಿಂದ ಅವನ ಹೊಟ್ಟೆಯು ತುಂಬುವದೇ?

2020ರ ಸಂತೆಯನ್ನು ಪರಿಷತ್ತಿನವರು ರೈತರಿಗೆ ಅರ್ಪಿಸಿದ್ದರು. ನಮಗೆ ಅದು ಬಹಳ ಒಪ್ಪಿತು. ಬೆಳೆದವನೂ ಬರೆದವನೂ ಒಂದೇ ದಿನದ ಮಾರಾಟವನ್ನು ನೆಚ್ಚಿಕೊಂಡು ಬರುವವರಲ್ಲವೇ? ಮರುವರುಷ 2021ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಬೀದಿಯು ಬರಿದಾಗಿ, ಸಂತೆಯನ್ನು ಅಂತರ್ಜಾಲದಲ್ಲಿ ನಡೆಸಬೇಕಾಯಿತು. ಗಾಜಿನ ತೆರೆಯ ಮೇಲೆ ಮಕ್ಕಿನ ಉಬ್ಬು ಕಾಣದು, ಬರೆದವನೊಡನೆ ಮಾತಿಲ್ಲ.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರುವೆವು. ಈ ಭಾಗ್ಯವು ರಾಜಧಾನಿಯೊಂದಕ್ಕೇ ಏಕೆ? ಗದಗಿನಲ್ಲಿ ಟಿ. ಪಿ. ಅಕ್ಕಿಯವರು ವಿಜಯ ಕಲಾಮಂದಿರವನ್ನು ಕಟ್ಟಿದರು. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು ಕಲಾಶಾಲೆಯನ್ನು ನಡೆಸಿದರು. ಎಸ್. ಎಂ. ಪಂಡಿತರು (1916–1993) ಕಲಬುರ್ಗಿಯ ಮಣ್ಣಿನವರು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರಾದ ಮರದಲ್ಲಿ ಗೊಂಬೆಗಳನ್ನು ಕೆತ್ತಿ ಬಣ್ಣವಿಡುವದು ಇಂದಿಗೂ ನಡೆದಿದೆ. ಇಷ್ಟು ಬೀಜವಿದ್ದ ಹೊಲಗಳಲ್ಲಿ ವರುಷಕ್ಕೊಂದು ದಿನ ಒಂದು ಬೀದಿಗೆ ಬಂಡಿಗಳನ್ನು ತಡೆದು, ಕಲಾವಿದರಿಗೆ ನೆರಳು ನೀರುಗಳನ್ನು ಒದಗಿಸುವದು ಪುರಸಭೆಗಳಿಗೆ ಅಸಾಧ್ಯವಾದ ಕಾರ್ಯವಲ್ಲ. ಜಾತ್ರೆಗೆ ತೇರಬೀದಿಯನ್ನು ತೆರವು ಮಾಡಲು ಬಲ್ಲ ಊರು ಇದನ್ನು ಮಾಡಲಾರದೇ?

ಶಿಕ್ಷಕರಾದ ತಮ್ಮಿಂದ ಆಗತಕ್ಕದ್ದು ಇದಕ್ಕಿಂತ ಸುಲಭ. ಚಿತ್ರದ ತಾಸು ಬಂದರೆ ಗಣಿತದ ಮಾಸ್ತರರು ಅದನ್ನು ಕಡ ಕೇಳುವರು, ಮುಖ್ಯಾಧ್ಯಾಪಕರು ನಗುತ್ತ ಕೊಡುವರು. ಇದು ಎಲ್ಲರೂ ಬಲ್ಲ ಮಾತು. ಆ ತಾಸನ್ನು ಮಕ್ಕಳಿಗೆ ಉಳಿಸಿಕೊಡಿರಿ. ವಾರ್ಷಿಕ ಸ್ನೇಹಸಮ್ಮೇಲನಕ್ಕೆಂದು ಕೂಡಿಸುವ ಹಣದಲ್ಲಿ ಹಾರತುರಾಯಿಗಳ ಖರ್ಚನ್ನು ಅರ್ಧಕ್ಕಿಳಿಸಿ, ಕೈಯಿಂದ ಬರೆದ ಒಂದು ಪಟವನ್ನು ಕಲಾವಿದನಿಂದಲೇ ಕೊಂಡು ಶಾಲೆಯ ಗೋಡೆಗೆ ಹಾಕಿರಿ; ಕೆಳಗೆ ಅವನ ಹೆಸರನ್ನೂ ಊರನ್ನೂ ದಪ್ಪಕ್ಷರಗಳಲ್ಲಿ ಬರೆಯಿಸಿರಿ. ಹತ್ತು ವರುಷಗಳಲ್ಲಿ ಹತ್ತು ಪಟಗಳಾಗುವವು.

ಚಿತ್ರಸಂತೆಯು ವಾಡಿಕೆಯಾಗಿ ಜನವರಿ ತಿಂಗಳ ಆರಂಭದ ಒಂದು ಆದಿತ್ಯವಾರ ಕೂಡುತ್ತದೆ. ಹೋಗುವವರು ಬೆಳಿಗ್ಗೆ ಬೇಗನೆ ಹೋಗಿರಿ. ಮಧ್ಯಾಹ್ನದ ಮೇಲೆ ಆ ಗರ್ದಿಯಲ್ಲಿ ನಿಂತು ನೋಡಲು ಸ್ಥಳ ಸಿಕ್ಕದು. ಕೈಯಲ್ಲಿ ಸ್ವಲ್ಪ ಹಣವಿರಲಿ, ಪಟವನ್ನು ಸುತ್ತಿ ತರಲು ಒಂದು ಹಳೆಯ ಪಂಚೆಯಿರಲಿ.