ಬೇಸಗೆಯ ಭಾಷಾಶಾಲೆ ಮತ್ತು ನಮ್ಮ ಮಾತು
(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಬೇಸಗೆ ರಜೆ ಬಂತೆಂದರೆ ಭಾಷೆಯ ತರಗತಿಗಳು ಮುಚ್ಚುವುದಿಲ್ಲ, ಆಗಲೇ ತೆರೆಯುತ್ತವೆ. ಫ್ರೆಂಚ್ ಕಲಿಯಬೇಕೆನ್ನುವವರು ವರ್ಷದ ಪಾಠವನ್ನು ಕೆಲವೇ ವಾರಗಳಲ್ಲಿ ಮುಗಿಸುವ ಹಟ ತೊಟ್ಟು ಕೂರುತ್ತಾರೆ. ಉಚ್ಚಾರ, ವ್ಯಾಕರಣ, ಸಾಹಿತ್ಯ, ದಿನವಿಡೀ ಅದೇ ಅಭ್ಯಾಸ. ಬೆಳಗ್ಗೆ ಕಚೇರಿಗೆ, ರಾತ್ರಿ ಕೊನೆಯ ಗಾಡಿಗೆ ಓಡುವ ನಮಗೂ ಇದಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧ ಉಂಟು.

ಜೂಲ್ ಬ್ಲಾಕ್ ಎಂಬ ಫ್ರೆಂಚ್ ವಿದ್ವಾಂಸರಿದ್ದರು. ನಮ್ಮ ನೆರೆಯ ಮರಾಠಿ ಹೇಗೆ ಬೆಳೆಯಿತೆಂಬುದನ್ನು ಅವರು 1920ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. 1946ರಲ್ಲಿ ಕನ್ನಡ, ತಮಿಳು, ತೆಲುಗು ಮೊದಲಾದ ದ್ರಾವಿಡ ಭಾಷೆಗಳ ವ್ಯಾಕರಣದ ಕಟ್ಟಡವನ್ನು ಕುರಿತು ಮತ್ತೊಂದು ಗ್ರಂಥ ಬರೆದರು. ಎರಡೂ ಫ್ರೆಂಚಿನಲ್ಲಿ. ಎರಡನೆಯದನ್ನು ರಾಮಕೃಷ್ಣ ಗಣೇಶ ಹರ್ಷೆಯವರು ಇಂಗ್ಲಿಷಿಗೆ ತಂದರು. ಪುಣೆಯ ಡೆಕ್ಕನ್ ಕಾಲೇಜು ಅದನ್ನು 1954ರಲ್ಲಿ ಅಚ್ಚು ಹಾಕಿಸಿತು. ನಮ್ಮದೇ ಮಾತಿನ ವಿಚಾರ ತಿಳಿಯಲು ಫ್ರೆಂಚ್ ಬಾರದವರು ಎಂಟು ವರ್ಷ ಕಾಯಬೇಕಾಯಿತು. ಪರಭಾಷೆ ಕಲಿಯುವುದು ಬರಿಯ ಶೋಕಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದೇ ಡೆಕ್ಕನ್ ಕಾಲೇಜು ನಮ್ಮ ದೇಶದಲ್ಲೂ ಇಂಥ ಶಾಲೆ ನಡೆಸಿತು. ದಾದರಿನಲ್ಲಿ ಗಾಡಿ ಹತ್ತಿದರೆ ಕೆಲವು ತಾಸಿನ ದಾರಿ. ಕೊಂಕಣಿಯ ಬೆಳವಣಿಗೆಯನ್ನು ಕುರಿತು ಗ್ರಂಥ ಬರೆದ ಡಾ. ಎಸ್. ಎಂ. ಕತ್ರೆಯವರು ಆಗ ಅಲ್ಲಿನ ನಿರ್ದೇಶಕರು. ರಾಕ್‌ಫೆಲರ್ ಪ್ರತಿಷ್ಠಾನದ ಧನಸಹಾಯದಿಂದ 1954ರ ಕೊನೆಯಲ್ಲಿ ಮೊದಲ ಶಾಲೆ ನಡೆಯಿತು. 1955ರ ಬೇಸಗೆಯಲ್ಲಿ ಮತ್ತೊಂದು. ಅಮೆರಿಕೆಯಿಂದಲೂ ಅಧ್ಯಾಪಕರು ಬಂದರು. ಅಲ್ಲಿಯ ಕ್ರಮವೇ ಬೇರೆ. ಮಾತಾಡುವ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಅವನ ಬಾಯಿಂದ ಬಂದುದನ್ನು ಬಂದಂತೆಯೇ ಬರೆದುಕೊಳ್ಳಬೇಕು. ‘ಇದು ತಪ್ಪು, ಹೀಗನ್ನಬೇಕು’ ಎಂದು ತಿದ್ದುವಂತಿಲ್ಲ. ಅವನು ಓದಿದವನೋ ಅಲ್ಲವೋ, ಆ ಹೊತ್ತಿಗೆ ಅವನೇ ಗುರು.

ಆ ವರ್ಷಗಳಲ್ಲಿ ಅಲ್ಲಿದ್ದ ಅಮೆರಿಕೆಯ ವಿಲಿಯಂ ಬ್ರೈಟ್ ಎಂಬವರು ಕನ್ನಡದ ಆಡುಮಾತಿಗೆ ವ್ಯಾಕರಣ ಬರೆದರು. ಅದು 1958ರಲ್ಲಿ ಪ್ರಕಟವಾಯಿತು. ಪಂಪನ ಕನ್ನಡವಲ್ಲ, ಪತ್ರಿಕೆಯ ಕನ್ನಡವೂ ಅಲ್ಲ. ಮನೆಯಲ್ಲಿ, ಸಂತೆಯಲ್ಲಿ ಆಡುವ ಕನ್ನಡ. ಪುಣೆಯ ಆ ಕಾಲೇಜಿನಲ್ಲೇ ಭಾಷಾವಿಜ್ಞಾನ ಕಲಿತ ದಕ್ಷಿಣ ಕನ್ನಡದ ಡಿ. ಎನ್. ಶಂಕರ ಭಟ್ಟರು ಮುಂದೆ 2000ದಲ್ಲಿ, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿ ಪುಸ್ತಕವನ್ನೇ ಬರೆದರು.

ಫ್ರೆಂಚ್ ಕಲಿಯುವವನಿಗೆ ಮೊದಲ ವಾರದಲ್ಲೇ ತಿಳಿಯುವ ಸಂಗತಿಯೊಂದಿದೆ. ಫ್ರಾನ್ಸಿನವರು ತಮ್ಮ ರಾಜಧಾನಿಯ ಹೆಸರಿನ ಕೊನೆಗೆ ‘ಎಸ್’ ಅಕ್ಷರ ಬರೆಯುತ್ತಾರೆ. ಬಾಯಲ್ಲಿ ‘ಪಾರಿ’ ಎನ್ನುತ್ತಾರೆ. ಬರೆದದ್ದೊಂದು, ಆಡುವುದೊಂದು. ಅದರಿಂದ ಅವರ ಮಾನವೇನೂ ಹೋಗಲಿಲ್ಲ. ನಾವಾದರೋ ‘ಕಾಪಿ’ ಎಂದವನನ್ನು ಕಂಡು ‘ಕಾಫಿ’ ಎನ್ನುವವರು ನಗುತ್ತೇವೆ! ಮೈಸೂರಿನವರ ‘ಇದೆ’, ಅಲ್ಲಿಯ ಹಳ್ಳಿಯವರ ‘ಐತೆ’, ಧಾರವಾಡದ ಕಡೆಯ ‘ಐತಿ’, ಕಲಬುರ್ಗಿ ಕಡೆಯ ‘ಅದ’, ಕರಾವಳಿಯ ‘ಉಂಟು’: ಇವು ಐದೂ ಕನ್ನಡವೇ. ಒಂದೊಂದಕ್ಕೂ ಅದರದರ ನಿಯಮವಿದೆ. ಯಾವುದೂ ಇನ್ನೊಂದು ಕೆಟ್ಟು ಆದದ್ದಲ್ಲ.

ಇಷ್ಟನ್ನೆಲ್ಲ ಏಕೆ ಹೇಳಿದೆವೆಂದರೆ, ತಪ್ಪೊಂದನ್ನು ಒಪ್ಪಿಕೊಳ್ಳುವುದಿದೆ. ಮಳೆಗಾಲದಲ್ಲಿ ಬಿಜಾಪುರದ ಕಡೆಯ ಹುಡುಗನೊಬ್ಬ ಈ ವಾಚನಾಲಯಕ್ಕೆ ಬರುತ್ತಿದ್ದ. ಕಟ್ಟಡದ ಕೆಲಸ ಅವನದು. ಒಂದು ಸಂಜೆ ಪತ್ರಿಕೆಯ ಸುದ್ದಿಯನ್ನು ಗೆಳೆಯನಿಗೆ ತನ್ನ ಮಾತಿನಲ್ಲಿ ಹೇಳುತ್ತಿದ್ದಾಗ ಈ ಮೇಜಿನ ಸುತ್ತ ಇದ್ದ ನಾವು ಕೆಲವರು ನಕ್ಕೆವು. ಕೆಟ್ಟ ಮನಸ್ಸಿನಿಂದಲ್ಲ, ಆದರೂ ನಕ್ಕೆವು. ಅವನು ಪತ್ರಿಕೆಯನ್ನು ಮಡಿಸಿಟ್ಟು ಹೋದ, ಮತ್ತೆ ಬರಲಿಲ್ಲ. ಉಚಿತ ವಾಚನಾಲಯವೆಂದು ಬಾಗಿಲಿಗೆ ಹಲಗೆ ಹಾಕಿದ ನಾವೇ ಅವನಿಗೆ ಬಾಗಿಲು ಮುಚ್ಚಿದಂತಾಯಿತು. ಪರವೂರಿನಲ್ಲಿ ತನ್ನ ಮಾತಿಗೆ ತನ್ನವರೇ ನಕ್ಕರೆ ಅವನು ಹಿಂದಿಗೆ ಹೊರಳುತ್ತಾನೆ. ನಾಳೆ ಅವನ ಮಕ್ಕಳಿಗೆ ಕನ್ನಡವೇ ಇಲ್ಲ. ಕನ್ನಡ ಕಳೆಯುತ್ತಿದೆಯೆಂದು ಆಮೇಲೆ ನಾವೇ ಠರಾವು ಮಾಡುತ್ತೇವೆ!

ಆದ್ದರಿಂದ ನಮ್ಮದೊಂದು ಸೂಚನೆ. ಬರುವ ಮೇ ತಿಂಗಳ ನಾಲ್ಕು ಭಾನುವಾರ ನಮ್ಮದೇ ಚಿಕ್ಕ ಬೇಸಗೆ ಶಾಲೆ ನಡೆಯಲಿ. ಒಂದೊಂದು ವಾರ ಒಂದೊಂದು ಸೀಮೆಯವರು ಗುರುಗಳಾಗಿ ಕೂರಲಿ. ಉಳಿದವರು ವಹಿ ಹಿಡಿದು ಅವರ ಮಾತನ್ನು ತಿದ್ದದೆ ಬರೆದುಕೊಳ್ಳಲಿ. ಫೀ ಬೇಡ, ಪರೀಕ್ಷೆ ಬೇಡ. ಫ್ರೆಂಚ್ ಕಲಿಯುವ ಆಸೆಯಿದ್ದ ತರುಣರು ಅದನ್ನೂ ಕಲಿಯಲಿ. ಕಿವಿ ಪಳಗಿದವನಿಗೆ ಯಾವ ಭಾಷೆಯೂ ದೂರವಲ್ಲ.

ಮೊದಲ ಭಾನುವಾರದ ಗುರುಪೀಠ ಆ ಬಿಜಾಪುರದ ಹುಡುಗನಿಗೆ ಮೀಸಲು. ಅವನಿರುವ ಜಾಗ ಬಲ್ಲವರು ದಯವಿಟ್ಟು ತಿಳಿಸಬೇಕು. ಕರೆಯಲು ನಾವೇ ಹೋಗುತ್ತೇವೆ.